ಒತ್ತು

ನಲವತ್ತೊಂದು ವರ್ಷ ಮೊಳಿ ಜೋಡಿಸಿದಾವ ನಾನು,
ಗದಗಿನ ಹಾತಲಗೇರಿ ನಾಕಾದ ಹಿಂದಿನ ಪ್ರೆಸ್ಸಿನ್ಯಾಗ.
ಲಗ್ನಪತ್ರಿಕೆ, ದಲಾಲರ ಪಾವತಿಬುಕ್ಕು,
ಹತ್ತಿ ಧಾರಣಿ, ಸತ್ತವರ ಕಾರ್ಡು,
ಎಲ್ಲಾನೂ ಉಲ್ಟಾ ಓದೀನಿ.
ಎಡಗೈಯಾಗ ಸ್ಟಿಕ್ಕು; ಬಲಗೈ ತಾನಾಗೇ ಹೋಗಿ
ಅಕ್ಷರದ ಮನಿ ಹುಡುಕಿ ಹೆಕ್ಕಿ ತರತಿತ್ತು.
ಕಣ್ಣು ಬೇಕಾಗತಿರಲಿಲ್ಲ.

ಕಾರ್ತೀಕದ ಒಂದು ಮುಂಜಾನೆ
ಹಲ್ಲುಜ್ಜೂವಾಗ ಬ್ರಷ್ಷು ಜಾರಿತು.
ಬಗ್ಗಿ ತಗೋಬೇಕಂದೆ, ಕೈ ಮಾತು ಕೇಳಲಿಲ್ಲ.
ಬೈಬೇಕಂದೆ, ಮಾತೂ ಮಾತು ಕೇಳಲಿಲ್ಲ.
ಒಳಗ ಯಾರೋ ಕೇಸು ಕೆಡವಿದ ಸಪ್ಪಳ.
ಅಆಇಈ, ಕಾಗುಣಿತ, ಒತ್ತು
ಬಚ್ಚಲ ನೀರಿನಗುಂಟ ಹರದು ಹೋದ್ವು.

ಹುಬ್ಬಳ್ಳಿ ದವಾಖಾನ್ಯಾಗ ಹತ್ತು ದಿನ.
ಮನಿಗೆ ಬಂದ ಮ್ಯಾಲೆ
ಉಪ್ಪಿಗೆ ಶುಕ್ರವಾರ ಅಂದೆ.
ಸಿದ್ಲಿಂಗವ್ವಗ ಪ್ರೂಫ್ ಅಂದೆ.
ಆಕಿ ಓ ಅಂದಳು, ಅಳಲಿಲ್ಲ.
ಶುಕ್ರವಾರದ ಡಬ್ಬಿ ಮುಂದ ಸರಿಸಿದಳು.

ಬೆಟಗೇರಿ. ಸಾವಜಿ ಖಾನಾವಳಿ ಮ್ಯಾಲಿನ ಖೋಲಿ.
ಪಾವಟಿಗಿ ಏರೂದ್ರಾಗ ಮಸಾಲಿ ಘಾಟಿಗೆ ಮೂರು ಸೀನು.
ಡಾಕ್ಟರ್ ರೇಣುಕಾಬಾಯಿ ಕಬಾಡಿ
ನನ್ನ ತಲಿ ಫಿಲ್ಮು ಟ್ಯೂಬಲೈಟಿಗೆ ಹಿಡದು ಅಂದರು:
"ಬಲಕ್ಕ ಕಾಣತದಲ್ಲ, ಇದು ಎಡಮಿದುಳು.
ಫಿಲ್ಮಿನ್ಯಾಗ ಉಲ್ಟಾ ಇರತದ."
ಮಗಳು ತಲಿ ಕೆರಕೊಂಡಳು.
ನಾನು ನಕ್ಕೆ, ಅರ್ಧ ಮಾರಿಲೆ.

ಕೂದಲೆಳಿಯಂಥಾ ಸೂಜಿ.
ಕಾಲ ಕಿರುಬೆರಳಿಗೊಂದು, ಮೊಣಕಾಲ ಕೆಳಗೊಂದು,
ಹೆಬ್ಬೆರಳು ತೋರಬೆರಳ ಸಂದ್ಯಾಗೊಂದು,
ನೆತ್ತಿ ಮ್ಯಾಲ ಮೂರು, ಒಂದ ಸಾಲಿಗೆ.
ಇವೂ ಮೊಳೀನ, ಅಂದಕೊಂಡೆ.
ಯಾವ ಸುದ್ದಿ ಜೋಡಿಸ್ಯಾಳ ಈಕಿ ನನ್ನ ಮೈಮ್ಯಾಲ?

"ಕಾಲಿಗೆ ಚುಚ್ಚಿದ್ರ ತಲಿಗೆ ಹೆಂಗ ತಿಳೀತದ್ರಿ?"
ಮಗಳು ಕೇಳಿದಳು.
ಸೂಜಿ ತಿರುವುತ್ತ ಕಬಾಡಿಬಾಯಿ ಅಂದರು:
"ಮಷೀನಿನ್ಯಾಗ ಮಲಗಿಸಿ ಚುಚ್ಚಿದ್ರ
ಮಿದುಳಿನ ಯಾವುದೋ ಓಣಿಗೆ ದೀಪ ಹತ್ತತದ ಅಂತಾರ ಕೆಲವರು.
ಸುಳ್ಳ ಸೂಜಿಗೂ ಹತ್ತತದ ಅಂತಾರ ಇನ್ನ ಕೆಲವರು.
ನನಗ ಗೊತ್ತಿಲ್ಲವಾ. ದೊಡ್ಡ ದವಾಖಾನಿ ಗುಳಿಗಿ ಮಾತ್ರ ಬಿಡಬ್ಯಾಡ್ರಿ."
ಆ ಗೊತ್ತಿಲ್ಲ ನನಗ ಹಿಡಿಸಿತು.
ಪ್ರೂಫ್ ನೋಡಲಾರದ ಸರಿ ಐತಿ ಅನ್ನೋ ಮಂದಿನ್ನ
ಭಾಳ ಕಂಡೀನಿ.

ಇಪ್ಪತ್ತು ಮಿನಿಟು. ಕೆಳಗ ರೊಟ್ಟಿ ಬಡಿಯೋ ಸಪ್ಪಳ.
ಸಂದ್ಯಾಗಿನ ಸೂಜಿ ಭಾರಾತು,
ಇರಿವಿ ಸಾಲು ಹಿಡದಂಗ ಮೊಣಕೈತನಕ ಏನೋ ನಡೀತು.
ನೆನಪಾದ ಮಾಬೂಲಿ, ನಮ್ಮ ಪ್ರೆಸ್ಸಿನ ಹುಡುಗ,
ಅಚ್ಚಾದ ಮ್ಯಾಲೆ ಬಿಚ್ಚಿದ ಮೊಳೀನ್ನ
ತಿರುಗಿ ಆಯಾ ಮನಿಗೆ ಹಾಕಾವ.
ಅವಗ ಓದಾಕ ಬರತಿರಲಿಲ್ಲ, ಆಕಾರ ನೋಡಿ ಹಾಕತಿದ್ದ.
ಈಗ ತಲಿ ಒಳಗಿನ ಕತ್ತಲಾಗ
ಅಂಥಾವನೊಬ್ಬ ಕುಂತು ಹೆಕ್ಕಾಕ ಹತ್ಯಾನ.
ಒಮ್ಮೊಮ್ಮೆ ಪದ ಮನ್ಯಾಗ ಷ ಒಗೀತಾನ.
ಬೈಯಾಕ ನನ್ನ ಕಡೆ ಶಬ್ದಿಲ್ಲ.

ಹದಿನಾಲ್ಕನೇ ಸರತಿ ಮುಗಿಸಿ ಬಂದ ರಾತ್ರಿ,
ಸೂಜಿಯಿಂದೋ, ಗುಳಿಗಿಯಿಂದೋ,
ಮಗಳು ದಿನಾ ಹಿಸುಕಿಸೋ ರಬ್ಬರ ಚೆಂಡಿನಿಂದೋ,
ಊಟಕ್ಕ ಕುಂತಾಗ ಬಾಯಿ ತಾನಾಗೇ ಹೋಗಿ
ಒಂದು ಹೆಕ್ಕಿ ತಂತು:
"ಉಪು."

ಸಿದ್ಲಿಂಗವ್ವ ಡಬ್ಬಿ ಸರಿಸಲಿಲ್ಲ.
"ಇನ್ನೊಮ್ಮೆ ಅನ್ರಿ."
"ಉಪು."

ಒತ್ತು ಇನ್ನೂ ಬಂದಿಲ್ಲ.
ಹೆಬ್ಬೆರಳು, ತೋರಬೆರಳು
ತಾಟಿನ ಅಂಚಿನ ಮ್ಯಾಲ
ಸಣ್ಣಗ ಏನೋ ಹುಡುಕಾಕ ಹತ್ಯಾವ.