ಸಾಕ್ಷಿ ನಂಬರ್ ಏಳು

ಕೊಡಿಯಾಲಬೈಲಿನ ಕೋರ್ಟಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಕಂಡವರ ಬಾಯಿಂದ ಬಂದದ್ದನ್ನು
ಹತ್ತು ಬೆರಳಲ್ಲಿ ಕಾಗದಕ್ಕೆ ಇಳಿಸಿದವನು ನಾನು.
ಈಗ ಪಿಂಚಣಿಯ ಮೇಜಿನಲ್ಲಿ ಕತೆ ಬರೆಯಲು ಕೂತರೆ
ಮೊದಲ ಸಾಲಿಗೇ ಕೈ ಕಟ್ಟುತ್ತದೆ.
ಹೇಳುವವರು ಯಾರು?

ಕಣ್ಣಾರೆ ಕಂಡೆ ಎಂದವರು ಸಾವಿರ ಮಂದಿ ಬಂದು ಹೋದರು.
ಅಂಗಿಯ ಬಣ್ಣ, ಗಡಿಯಾರದ ಮುಳ್ಳು, ಚೂರಿಯ ಉದ್ದ,
ಎಲ್ಲ ಮಗ್ಗಿಯ ಹಾಗೆ ಬಾಯಿಪಾಠ.
ಸಂಜೆ ಬೆರಳಿನ ಮಸಿ ತೊಳೆಯುವಾಗ
ಅವರೂ ಬಚ್ಚಲಿಗೆ ಹರಿದುಹೋದರು.

ಉಳಿದವಳು ಅಕ್ಕು ಪುತ್ರನ್.
ಊರು ಬೆಂಗ್ರೆ, ಕಸುಬು ಮೀನು ಮಾರುವುದು,
ವಯಸ್ಸು, "ನೀವೇ ನೋಡಿ ಬರ್ಕೊಳ್ಳಿ."
ದಕ್ಕೆಯ ಹೊಡೆದಾಟದ ಕೇಸು.
ಏನು ನೋಡಿದಿರಿ, ಎಂದರು ಸರಕಾರಿ ವಕೀಲರು.
ಆಕೆ ಬೆಳಗಿನ ಮೊದಲ ದೋಣಿಯಿಂದ ಸುರು ಮಾಡಿದಳು.
ಬಂಗುಡೆ ಅವತ್ತು ನೂರಕ್ಕೆ ಹದಿನಾಲ್ಕು,
ಐಸಿನವನು ಇನ್ನೂ ಬಂದಿರಲಿಲ್ಲ,
ಎಡಗಾಲ ಚಪ್ಪಲಿಯ ಉಂಗುಷ್ಟ ಕಿತ್ತು
ಸೇಫ್ಟಿ ಪಿನ್ನು ಚುಚ್ಚಿ ನಡೆದಿದ್ದಳು.
ವಿಷಯಕ್ಕೆ ಬನ್ನಿ, ಎಂದರು ನ್ಯಾಯಾಧೀಶರು.
"ಬರ್ತಾ ಉಂಟು ಸ್ವಾಮೀ.
ವಿಷಯವೂ ಬೆಂಗ್ರೆಯದ್ದೇ, ಹೊಳೆ ದಾಟಬೇಕಲ್ಲ."

ಕೋರ್ಟು ನಕ್ಕಿತು.
ನಗುವಿಗೆ ನನ್ನ ಯಂತ್ರದಲ್ಲಿ ಕೀಲಿ ಇರಲಿಲ್ಲ.

ಆಮೇಲೆ, ಯಾರೂ ಕೇಳದೆ, ಅಂದಳು:
"ಆ ಮೂಲೆಯಲ್ಲಿ ನಿಂತ ಹುಡುಗ
ನನಗೆ ಮುನ್ನೂರ ನಲ್ವತ್ತು ರೂಪಾಯಿ ಕೊಡ್ಬೇಕು.
ಜೈಲಿಗೆ ಹೋದರೆ ನನ್ನ ದುಡ್ಡೂ ಹೋಯಿತು.
ಅದನ್ನು ತಲೆಯಲ್ಲಿಟ್ಟುಕೊಂಡು ನನ್ನ ಮಾತು ಕೇಳಿ."

ಟೈಪು ಮಾಡುತ್ತಿದ್ದ ಕೈ ನಿಂತಿತು.
ತನ್ನ ತಕ್ಕಡಿಯ ಅಡಿಯಲ್ಲಿ ಅಂಟಿಸಿದ ಹುಣಸೆಹಣ್ಣನ್ನು
ಗಿರಾಕಿಗೆ ತಾನೇ ತೋರಿಸಿದ ವ್ಯಾಪಾರಿಯನ್ನು
ನಾನು ಅದುವರೆಗೆ ಕಂಡಿರಲಿಲ್ಲ.

"ಕೈ ಎತ್ತಿದ್ದು ಯಾರೋ, ನಾನು ಚಿಲ್ಲರೆ ಎಣಿಸ್ತಿದ್ದೆ.
ಅರುವತ್ತೆರಡು ಅನ್ನುವಾಗ ಪೆಟ್ಟಿಗೆ ಬಿದ್ದ ಸದ್ದು.
ತಲೆ ಎತ್ತಿದೆ.
ಮೂವರಿದ್ದಲ್ಲಿ ಇಬ್ಬರು ನಿಂತಿದ್ದರು.
ನಡುವಿನದ್ದು ನೀವೇ ಹೇಳ್ಬೇಕು, ಕಲಿತವರು."

ಆಕೆಯ ತುಳುವನ್ನು ಬೆರಳಲ್ಲೇ ಕನ್ನಡ ಮಾಡುತ್ತಿದ್ದೆ.
ಯಾನ್ ತೂತುಜಿ, ಕೇಂಡೆ, ಅಂದಳು.
ನಾನು ನೋಡಿಲ್ಲ, ಕೇಳಿದೆ, ಎಂದು ಹೊಡೆದೆ.
ಎದುರು ವಕೀಲರು ಕೋಟು ಎಳೆದುಕೊಂಡು ಎದ್ದರು:
ಕೇಳಿದ್ದು ಯಾರ ಹತ್ತಿರ?
"ಕಿವಿಯ ಹತ್ತಿರ," ಅಂದಳು.
ಸ್ವಲ್ಪ ತಡೆದು,
"ಬಿದ್ದವನ ಹತ್ತಿರವೂ ಕೇಳಿದೆ.
ಮನೆ ಎಲ್ಲಿ ಮಗಾ, ಅಂತ. ಅವನು ಹೇಳಲಿಲ್ಲ."

ಎರಡೂ ಭಾಷೆಗೆ ಈ ಎರಡು ಕೆಲಸಕ್ಕೆ ಒಂದೇ ಪದ.
ಅದು ನನಗೆ ಹೊಳೆದದ್ದು ಅಲ್ಲಿ,
ಫ್ಯಾನು ಕಿರುಗುಡುವ ಆ ಹಾಲಿನಲ್ಲಿ.

ಕಡತದಲ್ಲಿ ಉಳಿದದ್ದು:
*ಸಾಕ್ಷಿಯು ಘಟನೆಯನ್ನು ಪ್ರತ್ಯಕ್ಷ ಕಂಡಿರುವುದಿಲ್ಲ.*
ಕೆಳಗೆ ಹೆಬ್ಬೆಟ್ಟು.
ಹೆಬ್ಬೆಟ್ಟಿನ ಮಸಿಯಲ್ಲಿ ಅಂಟಿಕೊಂಡ
ಒಂದು ಮೀನಿನ ಹುರುಪೆ, ಬೆಳ್ಳಿ ಬಿಲ್ಲೆಯಂತೆ.

ಹುರುಪೆ ಸುಳ್ಳು. ನಾನು ಸೇರಿಸಿದ್ದು.
ಬಂಗುಡೆಗೆ ಅಷ್ಟು ದೊಡ್ಡದು ಎಲ್ಲಿಂದ ಬರಬೇಕು,
ಎಂದು ಅಡುಗೆಮನೆಯಿಂದಲೇ ಕೂಗಿದಳು ನನ್ನ ಹೆಂಡತಿ.
ಹುಡುಗನಿಗೆ ಶಿಕ್ಷೆಯಾಯಿತೋ ಬಿಡುಗಡೆಯೋ,
ಅದು ಮಾತ್ರ ಎಷ್ಟು ತಡಕಾಡಿದರೂ ನೆನಪಿಗೆ ಬಾರದು.

ಇನ್ನೊಂದು ಹೇಳಿಬಿಡುತ್ತೇನೆ, ನನ್ನ ಬಾಕಿಯದ್ದು.
ಎರಡು ವರ್ಷದ ಮೇಲೆ ಬಂದರಿನ ಫೆರಿ ಕಟ್ಟೆಯಲ್ಲಿ
ಖಾಲಿ ಬುಟ್ಟಿ ಬೋರಲು ಹಾಕಿ ಕೂತಿದ್ದಳು.
ಗುರುತು ಹಿಡಿದಳು.
ಕಟಕಟ ಅನ್ನಿಸ್ತಿದ್ದವರಲ್ವಾ ನೀವು?
ನಾನು ಹೇಳಿದ್ದೆಲ್ಲ ಬರೆದಿರಾ?

ದೋಣಿ ಬರುವುದಿತ್ತು.
ಎಲ್ಲ ಬರೆದೆ, ಎಂದೆ.

ಚಪ್ಪಲಿಯದ್ದೂ?

ಚಪ್ಪಲಿಯದ್ದೂ.