ಬೋಳುಕಲ್ಲು ಮುಳುಗುವ ಹೊತ್ತು

ತದಡಿಯ ಐಸ್ ಫ್ಯಾಕ್ಟರಿ ಮಾಳಿಗೆಯಲ್ಲಿ ಕೂತು
ಸೆಕೆಂಡಿಗೊಂದು ಕೂ ಹಾಕುತ್ತೇನೆ,
ಬಾಯಿಂದಲ್ಲ, ಒಂದು ಸಣ್ಣ ಪೆಟ್ಟಿಗೆಯಿಂದ.
ಆಚೆ ದಡದಲ್ಲಿ, ಅಘನಾಶಿನಿಯ ಗುಡ್ಡದ ಮೇಲಿನ ಕಂಬ
ಓ ಅನ್ನಬೇಕು.
ಕೂಗಿಗೂ ಓಗೊಡುವುದಕ್ಕೂ ನಡುವಿನ ಹೊತ್ತೇ ನನ್ನ ಕಸುಬು.
ಮೂರು ಮಿಲಿಸೆಕೆಂಡು. ಮೂರು. ನಾಲ್ಕು. ಮೂರು.

ಬಾರ್ಜು ಬರುವ ಮೊದಲು ಇಲ್ಲಿ ಹೀಗೇ ಇತ್ತಂತೆ:
ದಂಡೆಯಲ್ಲಿ ನಿಂತು ಕೂ ಹಾಕಿದರೆ
ದೋಣಿಯವನು ಊಟ ಮುಗಿಸಿ, ಕೈ ತೊಳೆದು,
ಕವಳ ಹಾಕಿ, ಆಮೇಲೆ ಓ ಅನ್ನುತ್ತಿದ್ದ.
ಆ ತಡದ ಸರಾಸರಿ ಯಾರೂ ತೆಗೆದಿರಲಿಲ್ಲ.

ನನ್ನ ಕೂಗುಗಳಲ್ಲಿ ಕೆಲವು ಮರಳುವುದಿಲ್ಲ.
ಅದಕ್ಕೇ ನನ್ನನ್ನು ಕಳಿಸಿದ್ದು.
ಸೋಮವಾರ ಒಂಬತ್ತೂ ಹತ್ತಕ್ಕೆ
ನೂರರಲ್ಲಿ ಹದಿನೆಂಟು ಕಾಣೆ.
ಮಂಗಳವಾರ ಹತ್ತಕ್ಕೆ. ಬುಧವಾರ ಹತ್ತೂ ಐವತ್ತಕ್ಕೆ.
ಕಳ್ಳ ಬರುತ್ತಾನೆ, ದಿನವೂ ತುಸು ತಡವಾಗಿ,
ಮೈಮುರಿದು ಏಳುವ ಸೋಮಾರಿಯ ಹಾಗೆ.

ಕೆಳಗಿನ ಕಂಪ್ರೆಸರ್ ಮೇಲೆ ಅನುಮಾನಪಟ್ಟೆ.
ಟ್ರಾಲರ್‌ಗಳ ವೈರ್‌ಲೆಸ್ ಮೇಲೆ.
ಉಪ್ಪುಗಾಳಿ ತಿಂದ ಕೇಬಲ್ ಕಿತ್ತು ಹೊಸದು ಹಾಕಿದೆ.
ಆಂಟೆನಾದ ಮೇಲೆ ಕೂರುವ ಗರುಡನಿಗೂ
ಎರಡು ದಿನ ಕಾವಲು ಕೂತೆ; ಅವನು
ನನ್ನನ್ನೇ ಅಳೆದು ನೋಡಿ ಹಾರಿಹೋದ.

ದಿನದ ಲೆಕ್ಕ ಹಿಡಿದರೆ ನಷ್ಟ ನೂರಕ್ಕೆ ಒಂದು.
‘ಜಾಲ ಚೆನ್ನಾಗಿದೆ’ ಎಂದು ಬರೆದು ಬಸ್ಸು ಹತ್ತಬಹುದಿತ್ತು.
ಆ ಒಂದರಲ್ಲಿ ದೇವಕುವಿನ ಅಕ್ಕಿ ಇತ್ತು.

ಬಾರ್ಜಿನಲ್ಲಿ ಸಿಕ್ಕಳು, ಬುಟ್ಟಿ ತುಂಬ ಬೆಳಚು,
ಸೀರೆಯ ಅಂಚಿನಿಂದ ಇನ್ನೂ ತೊಟ್ಟಿಕ್ಕುವ ಹೊಳೆ.
ಎಂತ ಎಣಿಸ್ತೆ ತಂಗಿ, ಅಂದಳು. ಹೇಳಿದೆ.
ಹೆಬ್ಬೆರಳು ಮುಂದೆ ಚಾಚಿದಳು:
ಡಿಪೋದ ಯಂತ್ರ ಇದನ್ನ ಹಿಡೂದಿಲ್ಲ.
ಚಿಪ್ಪು ಹೆಕ್ಕಿ ಹೆಕ್ಕಿ ನಿನ್ನ ಗೆರೆಯೇ ಸವೆದಿದೆ
ಎಂದನಂತೆ ರೋಹಿದಾಸ ಗುನಗ,
ಮೂರು ತಿಂಗಳು, ಒಂದೇ ಮಾತು.
ಅವಳು ನಂಬಿಬಿಟ್ಟಿದ್ದಳು.
ರಾತ್ರಿ ಹರಳೆಣ್ಣೆ ಹಚ್ಚಿ ಮಲಗುತ್ತಿದ್ದಳು, ಗೆರೆ ಬೆಳೆಯಲಿ ಎಂದು.

ಯಾವ ಹೊತ್ತಿಗೆ ಹೋಗ್ತೀರಿ ಡಿಪೋಕ್ಕೆ?
ಹೊತ್ತೆಂತದು, ಅಂದಳು.
ಬೋಳುಕಲ್ಲಿಗೆ ಕುತ್ತಿಗೆಮಟ್ಟ ನೀರು ಬಂದ್ರೆ ನಾವು ಏಳೂದು,
ಎದ್ದು ಸೀದಾ ಡಿಪೋಕೆ.
ನಾಳೆ?
ನಾಳೆ ಎರಡು ಗಳಿಗೆ ತಡ. ಭರತ ಅಲ್ಲನೇ?

ಎರಡು ಗಳಿಗೆ.
ನಲವತ್ತೆಂಟು ನಿಮಿಷ.
ಬಾರ್ಜಿನ ಕಬ್ಬಿಣ ಕಾಲಡಿಯಲ್ಲಿ ನಡುಗುತ್ತಿತ್ತು,
ಅಥವಾ ನಾನು.

ಕಂಬದಿಂದ ಕಂಬಕ್ಕೆ ಅಲೆ ಎರಡು ದಾರಿ ಹಿಡಿಯುತ್ತದೆ:
ಒಂದು ನೆಟ್ಟಗೆ, ಒಂದು ಹೊಳೆಯನ್ನು ಮುಟ್ಟಿ.
ನೀರು ಆ ಕಲ್ಲಿನ ಕುತ್ತಿಗೆಗೆ ಬಂದಾಗ ಮಾತ್ರ
ನೆಟ್ಟಗೆ ಬಂದದ್ದು ಏರುವಲ್ಲಿ ಮುಟ್ಟಿ ಬಂದದ್ದು ಇಳಿಯುತ್ತದೆ.
ಎರಡೂ ಸೇರಿ ಸೊನ್ನೆ.
ನೀರೇರುವಾಗೊಮ್ಮೆ, ಇಳಿಯುವಾಗೊಮ್ಮೆ.
ಮಧ್ಯಾಹ್ನದ ಆ ಎರಡನೆಯ ಗೀರನ್ನು
‘ಇತರೆ’ ಎಂಬ ಕಾಲಮ್ಮಿಗೆ ತಳ್ಳಿದ್ದೆ ನಾನು.

ವರದಿಯಲ್ಲಿ ನೀರಿನ ಮಟ್ಟಕ್ಕೊಂದು ಸಾಲು ಸೇರಿಸಿದೆ.
ಆಧಾರ ಯಾವುದು, ಕೇಳಿದರು ಕಾರವಾರದ ಕಚೇರಿಯಿಂದ.
ದೇವಕು ಅಂಬಿಗ, ಎಂದು ಬರೆದೆ,
ಮೂವತ್ತು ವರ್ಷದ ದಾಖಲೆ, ಸೊಂಟದ ಮಟ್ಟ.
ಅದನ್ನು ಹೊಡೆದುಹಾಕಿ ‘ಸ್ಥಳೀಯ ವಿಚಾರಣೆ’ ಎಂದು ತಿದ್ದಿದರು.

ಎರಡನೆಯ ಆಂಟೆನಾ ಬಂತು, ಮೊದಲನೆಯದಕ್ಕಿಂತ ಎರಡಾಳು ಕೆಳಗೆ.
ಒಂದು ಕಿವುಡಾದಾಗ ಇನ್ನೊಂದು ಕೇಳಿಸಿಕೊಳ್ಳುತ್ತದೆ.
ಯಂತ್ರ ದೇವಕುವಿನ ಬೆರಳು ಹಿಡಿದ ದಿನ
ಅವಳು ರೋಹಿದಾಸನಿಗೆ ಏನೂ ಅನ್ನಲಿಲ್ಲ.
ಹೆಬ್ಬೆರಳನ್ನು ಒಮ್ಮೆ ಸೆರಗಿಗೆ ಒರೆಸಿಕೊಂಡಳು, ಅಷ್ಟೇ.

ಈಗ ನನ್ನ ಪರದೆಯಲ್ಲಿ ಗೆರೆ ಮಟ್ಟಸ.
ಮೂರು. ಮೂರು. ಮೂರು. ಮೂರು.
ಬೋಳುಕಲ್ಲು ಮುಳುಗಿದೆಯೋ ಇಲ್ಲವೋ
ಅಂಕಿಗಳಿಗೆ ಗೊತ್ತಾಗುವುದಿಲ್ಲ.
ಪೆಟ್ಟಿಗೆಯನ್ನು ಅದರ ಪಾಡಿಗೆ ಕೂಗಲು ಬಿಟ್ಟು
ಚಪ್ಪಲಿ ಮೆಟ್ಟಿ, ಧಕ್ಕೆಯ ತುದಿಗೆ ಹೋಗಿ
ಬಗ್ಗಿ ನೋಡಬೇಕು.