ಆಕ್ಟೋಪಸ್ ಬಿಟ್ಟುಕೊಟ್ಟ ಹೂಜಿ

ತಲೆ ಬಗ್ಗಿಸಿ ಇಳಿಯಿರಿ, ಈ ತೊಲೆ
ನನ್ನ ಮಾವನ ಹಣೆಗೂ ಮರ್ಯಾದೆ ಕೊಟ್ಟಿಲ್ಲ.
ಒಂಬತ್ತು ಮೆಟ್ಟಿಲು. ಹತ್ತನೆಯದು ಬರೀ ಬಂಡೆ.
ಕಣ್ಣು ಕತ್ತಲಿಗೆ ಒಗ್ಗುವ ತನಕ
ಮೂಗಿನಿಂದ ನೋಡಿ:
ಓಕ್ ಮರ, ಗಂಧಕ, ಒದ್ದೆ ಸುಣ್ಣ,
ಆಮೇಲೆ, ಊಟಕ್ಕೆ ತಡವಾಗಿ ಬರುವ ನೆಂಟನ ಹಾಗೆ,
ದ್ರಾಕ್ಷಿ.

ಹಡಗಿನಲ್ಲಿ ನಿಮಗೊಂದು ಕಾಗದ ಕೊಟ್ಟಿರುತ್ತಾರೆ.
ವೀಸ್ ದ್ವೀಪದ ನೀರು ನೀಲಿ, ಕಲ್ಲು ಬಿಳಿ,
ಗ್ರೀಕರು ಬಂದರು, ರೋಮನರು ಬಂದರು,
ವೆನಿಸ್ಸಿನವರು, ವಿಯೆನ್ನಾದವರು, ಇಂಗ್ಲಿಷರು ಬಂದರು.
ನಿಜವೇ. ಬಂದವರೆಲ್ಲ ಬಾಯಾರಿ ಬಂದರು.
ಇಂಗ್ಲಿಷರು ಇಲ್ಲಿ ಕ್ರಿಕೆಟ್ಟನ್ನೂ ಆಡಿದರು,
ಚೆಂಡು ಹುಡುಕುವ ನೆಪದಲ್ಲಿ ಬಳ್ಳಿಗಳೊಳಗೆ ನುಗ್ಗಿ
ಗೊಂಚಲು ಕಿತ್ತರೆಂದು ನಮ್ಮಜ್ಜಿಯ ಅಜ್ಜಿಯ ದೂರು.
ಅದಿನ್ನೂ ಇತ್ಯರ್ಥವಾಗಿಲ್ಲ.

ಇದು ವುಗಾವಾ. ಬಿಳಿಯದು. ಮೊದಲು ಇದನ್ನೇ ಕುಡಿಯಿರಿ.
ತಿಳಿದವರು ಜೇನು ಅನ್ನುತ್ತಾರೆ.
ನನಗೆ ಬಿಸಿಲಲ್ಲಿ ಒಣಗಿದ ಚಾದರದ ವಾಸನೆ.

ಯೆರ್ಕೊ, ನನ್ನ ಗಂಡ, ಬಳ್ಳಿಗಿಂತ ಬಲೆಯನ್ನು ನೆಚ್ಚಿದವನು.
ಸೇನೆ ದ್ವೀಪಕ್ಕೆ ಬೀಗ ಹಾಕಿದ್ದ ಕಾಲ,
ಹೊರದೇಶದ ನೊಣಕ್ಕೂ ಇಲ್ಲಿ ಇಳಿಯಲು ಅಪ್ಪಣೆಯಿಲ್ಲ.
ಬೆಟ್ಟದ ಹೊಟ್ಟೆ ಕೊರೆದು ಯುದ್ಧದ ಹಡಗು ಬಚ್ಚಿಟ್ಟಿದ್ದು
ನಮಗೆಲ್ಲ ಗೊತ್ತಿತ್ತು,
ಗೊತ್ತಿಲ್ಲದವರ ಹಾಗೆ ಸಾರ್ಡೀನ್ ಸುಡುತ್ತಿದ್ದೆವು.
ಅಂಥದೊಂದು ಅಕ್ಟೋಬರ್,
ಮೂರು ದಿನ ತಲೆ ಕೆಡಿಸಿದ ಯೂಗೊ ಗಾಳಿ ನಿಂತ ಮಾರನೆ ಬೆಳಿಗ್ಗೆ
ಬಲೆ ಭಾರವಾಯಿತು. ಮೀನಲ್ಲ.
ಎರಡು ಕಿವಿ, ಚೂಪು ತಳ,
ಮೈಯೆಲ್ಲ ಚಿಪ್ಪು ಮೆತ್ತಿದ ಮಣ್ಣಿನ ಹೂಜಿ.
ಒಳಗೊಂದು ಆಕ್ಟೋಪಸ್ಸು,
ಬಾಡಿಗೆ ಬಾಕಿಯಿಲ್ಲದವಳ ಗತ್ತಿನಲ್ಲಿ.
ಅವಳನ್ನು ಒಕ್ಕಲೆಬ್ಬಿಸಲು ಅರ್ಧ ಗಂಟೆ ಹಿಡಿಯಿತಂತೆ.
ತಿಂದಿರಾ ಎಂದು ಕೇಳಬೇಡಿ.
ತಿಂದೆವು. ಆಲೂಗಡ್ಡೆಯ ಜೊತೆ.

ಎರಡು ಸಾವಿರ ವರ್ಷ, ಮೇಲೆ ಇನ್ನೆಷ್ಟೋ.
ಯಾರೋ ಒಬ್ಬ ಇದೇ ಗುಡ್ಡದ ರಸವನ್ನು
ಅದರಲ್ಲಿ ತುಂಬಿ, ಬಿರಡೆ ಜಡಿದು, ಬೆಲೆ ಕುದುರಿಸಿ,
ಹಾಯಿ ಬಿಚ್ಚಿದವನು ಮನೆಗೆ ಬರಲಿಲ್ಲ.
ಅವನ ಹೆಂಡತಿ ದಡದಲ್ಲಿ ನಿಂತಿದ್ದಾಳು.
ನಾನೂ ನಿಂತವಳೇ, ಆ ನಿಲುವು ನನಗೆ ಗೊತ್ತು:
ಮೈಯ ಭಾರವೆಲ್ಲ ಒಂದೇ ಕಾಲಿಗೆ ಬರುತ್ತದೆ.

ಸಿಕ್ಕಿದ್ದನ್ನು ಸರಕಾರಕ್ಕೆ ಒಪ್ಪಿಸಬೇಕು, ಕಾನೂನು.
ಯೆರ್ಕೊ ಅದನ್ನು ಇಲ್ಲಿ, ಈ ಮೂಲೆಯಲ್ಲಿ,
ಗೋಣಿ ಹೊದಿಸಿ ಮಲಗಿಸಿದ.
ಆ ವರ್ಷದ ಪ್ಲಾವಾಟ್ಸ್ ಹುದುಗಿ, ಗೊಣಗಿ, ಸುಮ್ಮನಾದ ರಾತ್ರಿ
ನನಗೆ ನಿದ್ದೆ ಬಂತೆಂದುಕೊಂಡು
ಹನ್ನೆರಡು ಲೀಟರ್ ತಂದು ಅದಕ್ಕೆ ಸುರಿದ.
ನೆನಪಿದೆಯೇನೋ ನೋಡೋಣ, ಅಂದನಂತೆ ಹೂಜಿಗೆ.
ಬೆಳಗಾಗುವಷ್ಟರಲ್ಲಿ ಎಲ್ಲ ನೆಲದ ಮೇಲೆ.
ಕೂದಲೆಳೆಯಂಥ ಬಿರುಕು.
ಈ ಕಲ್ಲು ಕೆಂಪಗಿದೆಯಲ್ಲ, ಅದೇ.
ಗೈಡು ಇದನ್ನು ರಕ್ತ ಅನ್ನುತ್ತಾನೆ, ಯಾವುದೋ ಯುದ್ಧದ್ದು.
ಅವನ ಹೊಟ್ಟೆಪಾಡು, ನಾನು ಅಡ್ಡ ಬರುವುದಿಲ್ಲ.

ನಾನು ಇಳಿದು ಬಂದಾಗ ಯೆರ್ಕೊ ಮಂಡಿಯೂರಿ
ಎರಡು ಬೆರಳು ಅದ್ದಿ ನೆಕ್ಕುತ್ತಿದ್ದ.
ಹೇಗಿದೆ, ಅಂದೆ.
ಉಪ್ಪು, ಅಂದ. ಮತ್ತೆ ಅದ್ದಿದ.
ಉಪ್ಪು, ಪೆರೀನಾ. ಅದರ ಹಿಂದೆ ಇನ್ನೇನೋ. ನೀನೇ ನೋಡು.
ಬಯ್ಯಲು ತೆರೆದ ಬಾಯಿಗೆ
ಬೆರಳಿಟ್ಟುಕೊಂಡೆ.

ಏನಿತ್ತೆಂದು ಬಹಳ ಜನ ಕೇಳಿದ್ದಾರೆ.
ಒಬ್ಬಳು ಪುಸ್ತಕ ತೆರೆದು ಬರೆದುಕೊಳ್ಳಲೂ ಕೂತಳು.
ಖನಿಜ ಅಂದಳು, ಅಂಜೂರ ಅಂದಳು.
ನನಗೆ ಗೊತ್ತಿರುವುದಿಷ್ಟು:
ಆಮೇಲೆ ನಾವಿಬ್ಬರೂ ಆ ದಿನ ಮಧ್ಯಾಹ್ನದವರೆಗೆ
ಮೇಲೆ ಹತ್ತಲಿಲ್ಲ.

ಅವನು ಹೋದ ಮೇಲೆ ನಾನೇ ಮ್ಯೂಸಿಯಂಗೆ ಹೇಳಿಕಳಿಸಿದೆ.
ಕೈಗವಸು ಹಾಕಿದ ಹುಡುಗರು ಬಂದು
ಮಗುವಿನ ಹಾಗೆ ಎತ್ತಿಕೊಂಡರು.
ಗಾಜಿನ ಮುಂದೆ ಚೀಟಿಯಿದೆ, ಯೆರ್ಕೊನ ಹೆಸರಿನಲ್ಲಿ ಒಂದಕ್ಷರ ತಪ್ಪು.
ಸ್ಥಿತಿ: ಖಾಲಿ, ಎಂದಿದೆ.
ಹೆಸರನ್ನು ತಿದ್ದಿಸಿದೆ.

ಕೆಂಪಿನದು ಹದಿನಾಲ್ಕು ಯೂರೋ.
ನೀರು ಬೆರೆಸಿ ಕುಡಿದರೆ ಇಲ್ಲಿ ಯಾರೂ ನಗುವುದಿಲ್ಲ,
ನಾವೆಲ್ಲ ಹಾಗೇ ದೊಡ್ಡವರಾದದ್ದು.
ಕೊನೆಯ ಹಡಗು ಆರೂವರೆಗೆ. ಈಗಲೇ ಹೊರಡಿ,
ಹಾಂ, ಆ ತೊಲೆ.
ಹೇಳಿದ್ದೆನಲ್ಲ.